ಎರಡು ಬಕೆಟ್ ಬಿಸಿ ನೀರಿನ ಲೆಕ್ಕ: ಮನೆವಾರ್ತೆ ಪ್ರಶ್ನೋತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಗ್ಯಾಸು, ಬೇಳೆ, ದೋಸೆ ಕಾವಲಿಯ ಸುತ್ತಲೇ ಇವೆ. ಉತ್ತರಗಳಲ್ಲಿ ಕಪ್ ಎಂದಲ್ಲೆಲ್ಲ 200 ಮಿ.ಲೀ. ಲೋಟ, ಚಮಚ ಎಂದಲ್ಲಿ 5 ಮಿ.ಲೀ. ಟೀ ಚಮಚ ಎಂದು ತಿಳಿಯಿರಿ. ದೊಡ್ಡ ಚಮಚ ಅದರ ಮೂರರಷ್ಟು.

ನಮ್ಮ ಮನೆಯಲ್ಲಿ ಒಂದು ಸಿಲಿಂಡರ್ 45 ದಿನ ಬರುತ್ತಿತ್ತು. ದೀಪಾವಳಿ ಕಳೆದ ಮೇಲೆ 32 ದಿನಕ್ಕೇ ಮುಗಿಯುತ್ತಿದೆ. ಅಡುಗೆ ಮೊದಲಿನಷ್ಟೇ. ಚಳಿ ಎಂದು ಅತ್ತೆ ಮಾವನವರ ಸ್ನಾನಕ್ಕೆ ಎರಡು ಬಕೆಟ್ ನೀರು ಒಲೆಯ ಮೇಲೆ ಕಾಯಿಸುತ್ತೇನೆ, ಅಷ್ಟೇ. ಸಿಲಿಂಡರಿನಲ್ಲೇ ಗ್ಯಾಸ್ ಕಡಿಮೆ ತುಂಬುತ್ತಿದ್ದಾರೆಯೇ?
— ಓದುಗರು, ಹಾಸನ

"ಅಷ್ಟೇ" ಎಂದಿರಲ್ಲ, ಗ್ಯಾಸ್ ಹೋಗುತ್ತಿರುವುದು ಅಲ್ಲಿಯೇ. ಲೆಕ್ಕ ಹಾಕಿ ನೋಡೋಣ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ. 45 ದಿನ ಬಂದರೆ ದಿನಕ್ಕೆ ಸುಮಾರು 315 ಗ್ರಾಂ, 32 ದಿನಕ್ಕೆ ಮುಗಿದರೆ 445 ಗ್ರಾಂ. ಅಂದರೆ ದಿನಕ್ಕೆ 130 ಗ್ರಾಂ ಹೆಚ್ಚಾಗಿದೆ. ಈಗ ನೀರಿನ ಕಡೆಗೆ ಬನ್ನಿ. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು, ಒಲೆಯ ಕಾವಿನಲ್ಲಿ ನೂರಕ್ಕೆ ಅರವತ್ತು ಪಾಲು ಪಾತ್ರೆಗೆ ತಲುಪುತ್ತದೆ ಎಂದುಕೊಂಡರೆ, ಸುಮಾರು 60 ಗ್ರಾಂ ಗ್ಯಾಸ್ ಬೇಕು. ಅರ್ಧ ಪಾತ್ರೆ ಕುದಿಸಿ ತಣ್ಣೀರು ಬೆರೆಸಿದರೂ ಲೆಕ್ಕ ಹೆಚ್ಚು ಕಡಿಮೆ ಅದೇ. ಎರಡು ಬಕೆಟ್ಟಿಗೆ 120 ಗ್ರಾಂ. ನಿಮ್ಮ ಮನೆಯ ಕೊರತೆ ಬಹುಪಾಲು ಇಲ್ಲಿಗೆ ತಾಳೆಯಾಯಿತು. ತಿಂಗಳಿಗೆ ಇದು 3.6 ಕೆ.ಜಿ., ಸಿಲಿಂಡರಿನ ಕಾಲು ಭಾಗ.

ಇದೇ ನೀರನ್ನು ಕರೆಂಟಿನಲ್ಲಿ ಕಾಯಿಸಿದರೆ ಬಕೆಟ್ಟಿಗೆ ಅರ್ಧ ಯೂನಿಟ್ ಸಾಕು. 1500 ವಾಟ್‌ನ ಕಾಯಿಲ್ 20 ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಕಾಯಿಲ್ ನೀರಿನಲ್ಲಿ ಮುಳುಗಿದ ಮೇಲೆ ಸ್ವಿಚ್ ಹಾಕಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಪ್ಲಗ್ ಮೂರು ಪಿನ್ನಿನದೇ ಇರಬೇಕು, ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇರಲೇಬೇಕು. ವಯಸ್ಸಾದವರು ಇರುವ ಮನೆಯಲ್ಲಿ ಈ ಕೆಲಸವನ್ನು ಅವರ ಕೈಗೆ ಬಿಡಬೇಡಿ. ಗೀಸರ್ ಇದ್ದರೆ ಅದೇ ಮೇಲು. ಹಿತ್ತಲಲ್ಲಿ ಹಂಡೆ ಒಲೆ ಇದ್ದು, ತೆಂಗಿನ ಗರಿ, ಮಟ್ಟೆ ಸಿಗುವಂತಿದ್ದರೆ ಖರ್ಚೇ ಇಲ್ಲ.

ಸಿಲಿಂಡರಿನ ಮೇಲೂ ಅನುಮಾನ ಇದ್ದರೆ ತೂಕ ಮಾಡಿಸಿ. ಮೇಲಿನ ಉಂಗುರದ ಪಟ್ಟಿಯಲ್ಲಿ ಖಾಲಿ ಸಿಲಿಂಡರಿನ ತೂಕ ಬರೆದಿರುತ್ತದೆ. ಅದಕ್ಕೆ 14.2 ಸೇರಿಸಿದರೆ ಬರಬೇಕಾದ ಒಟ್ಟು ತೂಕ ಸಿಗುತ್ತದೆ. ಮನೆ ಬಾಗಿಲಲ್ಲೇ ತೂಗಿ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಅದೇ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ಎರಡು ಅಂಕಿ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಹೀಗೆ ಮೂರು ಮೂರು ತಿಂಗಳು. ಅಂಕಿ ಇಸವಿಯದು. ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕಾದ ಗಡುವು ಅದು. ಗಡುವು ದಾಟಿದ್ದನ್ನು ಒಳಗೆ ತೆಗೆದುಕೊಳ್ಳಬೇಡಿ.

ಇನ್ನು ಉರಿ. ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿ ಪಾತ್ರೆಯ ತಳ ಮಸಿಯಾಗುತ್ತಿದ್ದರೆ ಬರ್ನರಿನ ತೂತುಗಳಲ್ಲಿ ಉಕ್ಕಿದ ಹಾಲೋ ಗಂಜಿಯೋ ಕಟ್ಟಿಕೊಂಡಿದೆ. ಬರ್ನರ್ ತಣ್ಣಗಾದ ಮೇಲೆ ತೆಗೆದು, ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ತೂತುಗಳನ್ನು ಪಿನ್ನಿನಲ್ಲಿ ಬಿಡಿಸಿ. ಪೂರ್ತಿ ಒಣಗಿಸಿಯೇ ಮತ್ತೆ ಇಡಿ. ತೂತಿನಲ್ಲಿ ನೀರು ಉಳಿದರೆ ಉರಿ ಚಿಟಪಟ ಎಂದು ಮತ್ತೆ ಹಳದಿಯಾಗುತ್ತದೆ. ಒಲೆಯೊಳಗಿನ ಜೆಟ್ಟಿಗೆ ಮಾತ್ರ ಪಿನ್ನು ಹಾಕಬೇಡಿ. ತೂತು ಚೂರು ದೊಡ್ಡದಾದರೂ ಗ್ಯಾಸ್ ಹೆಚ್ಚು ಹರಿಯುತ್ತದೆ. ಅದು ಮೆಕ್ಯಾನಿಕ್ಕಿನ ಕೆಲಸ.

ಜ್ವಾಲೆ ಪಾತ್ರೆಯ ತಳ ದಾಟಿ ಪಕ್ಕಕ್ಕೆ ಹತ್ತಿದರೆ ಅದು ಅಡುಗೆಮನೆಯ ಗಾಳಿಯನ್ನು ಕಾಯಿಸುತ್ತಿದೆ ಎಂದರ್ಥ. ನೀರು ಒಮ್ಮೆ ಕುದಿಯಲು ಶುರುವಾದ ಮೇಲೆ ಉರಿ ಎಷ್ಟು ದೊಡ್ಡದು ಮಾಡಿದರೂ ಅದರ ಬಿಸಿ ಏರುವುದಿಲ್ಲ, ಬರೀ ಆವಿ ಹೆಚ್ಚುತ್ತದೆ. ಹಾಸನ, ಬೆಂಗಳೂರಿನಂಥ 900 ಮೀಟರ್ ದಾಟಿದ ಊರುಗಳಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವುದು ಕರಾವಳಿಯವರಿಗಿಂತ ನಿಮಗೆ ದುಬಾರಿ. ಕುಕ್ಕರಿನೊಳಗೆ 118-120 ಡಿಗ್ರಿ ಬರುತ್ತದೆ. ಮೊದಲ ಕೂಗು ಬಂದೊಡನೆ ಉರಿ ಪೂರ್ತಿ ಸಣ್ಣ ಮಾಡಿ. ನೆನೆಸಿದ ತೊಗರಿಬೇಳೆಗೆ ಸಣ್ಣ ಉರಿಯಲ್ಲಿ 8 ನಿಮಿಷ ಸಾಕು. ಕೂಗು ಎಣಿಸುತ್ತ ದೊಡ್ಡ ಉರಿಯಲ್ಲಿ ಬಿಟ್ಟರೆ ಪ್ರತಿ ಕೂಗಿನಲ್ಲೂ ಹೊರಗೆ ಹೋಗುವುದು ನೀವು ದುಡ್ಡು ಕೊಟ್ಟು ಮಾಡಿದ ಆವಿ. ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲು ಬಿಡಿ, ಆ ಹತ್ತು ನಿಮಿಷವೂ ಬೇಯುತ್ತಲೇ ಇರುತ್ತದೆ. ಮುಚ್ಚಳದ ಅಂಚಿನಲ್ಲಿ ನೀರು ಜಿನುಗುತ್ತಿದ್ದರೆ ಗ್ಯಾಸ್ಕೆಟ್ ಸಡಿಲಾಗಿದೆ, ಬದಲಿಸಿ.

ರಬ್ಬರ್ ಪೈಪಿನ ಮೇಲೆ ತಯಾರಾದ ತಿಂಗಳು, ವರ್ಷ ಇರುತ್ತದೆ. ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸೋರಿಕೆ ನೋಡಲು ಸೋಪಿನ ನೊರೆ ಸವರಿ, ಗುಳ್ಳೆ ಎದ್ದರೆ ಸೋರುತ್ತಿದೆ. ಬೆಂಕಿಕಡ್ಡಿ ಹಿಡಿದು ನೋಡುವ ಅಭ್ಯಾಸ ಇನ್ನೂ ಕೆಲವೆಡೆ ಇದೆ, ದಯವಿಟ್ಟು ಬೇಡ. ವಾಸನೆ ಬಲವಾಗಿದ್ದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ. ಲೈಟಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಇಂಡಕ್ಷನ್ ಒಲೆ ಕೊಂಡರೆ ಗ್ಯಾಸಿಗಿಂತ ಅಗ್ಗವೇ?
— ಓದುಗರು, ಬೆಂಗಳೂರು

ಒಂದು ಸಿಲಿಂಡರ್ ಮಾಡುವ ಕೆಲಸಕ್ಕೆ ಇಂಡಕ್ಷನ್ ಒಲೆಯಲ್ಲಿ 125ರಿಂದ 140 ಯೂನಿಟ್ ಬೇಕು. ಈ ಒಂದು ಅಂಕಿ ನೆನಪಿಟ್ಟುಕೊಂಡರೆ ಯಾವ ವರ್ಷ ಯಾವ ಬೆಲೆ ಇದ್ದರೂ ನೀವೇ ಲೆಕ್ಕ ಹಾಕಬಹುದು. ನಿಮ್ಮ ಬಿಲ್ಲನ್ನು ಯೂನಿಟ್ಟಿನಿಂದ ಭಾಗಿಸಿದಾಗ ತೆರಿಗೆಯೂ ಸೇರಿ 7 ರೂಪಾಯಿ ಬಿತ್ತು ಎನ್ನಿ. 130 ಯೂನಿಟ್ಟಿಗೆ 910 ರೂಪಾಯಿ. ಸಿಲಿಂಡರ್ ಅದಕ್ಕಿಂತ ಹೆಚ್ಚಿದ್ದರೆ ಇಂಡಕ್ಷನ್ ಲಾಭ, ಕಡಿಮೆ ಇದ್ದರೆ ಗ್ಯಾಸೇ ಇರಲಿ.

ಗೃಹಜ್ಯೋತಿ ಇರುವ ಮನೆಯ ಲೆಕ್ಕ ಬೇರೆ. ನಿಮ್ಮ ಮೀಟರಿಗೆ ಸಿಗುವ ಉಚಿತ ಯೂನಿಟ್ಟುಗಳಲ್ಲಿ ಪ್ರತಿ ತಿಂಗಳು ಇಪ್ಪತ್ತೋ ಮೂವತ್ತೋ ಉಳಿಯುತ್ತಿದ್ದರೆ ಅಷ್ಟನ್ನು ಕಾಫಿ, ಹಾಲು, ಅನ್ನಕ್ಕೆ ಇಂಡಕ್ಷನ್ನಿನಲ್ಲಿ ಬಳಸಿಕೊಳ್ಳಿ. ತಿಂಗಳಲ್ಲಿ 200 ಯೂನಿಟ್ ದಾಟಿದರೆ ಮಾತ್ರ ಇಡೀ ಬಿಲ್ಲು ನಿಮ್ಮದೇ, ಎಚ್ಚರ. ಪಾತ್ರೆಯ ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಬೇಕು. ಅಂಟದ ಅಲ್ಯೂಮಿನಿಯಂ ಕುಕ್ಕರ್ ಈ ಒಲೆಗೆ ಬಾರದು. ಪಾತ್ರೆಗಳನ್ನೆಲ್ಲ ಹೊಸದಾಗಿ ಕೊಳ್ಳಬೇಕಾದರೆ ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಆರು ಕೂಗು ಕೂಗಿಸಿದರೂ ಕರಗುವುದಿಲ್ಲ. ಅಂಗಡಿ ಬದಲಿಸಿದ್ದಾಯಿತು.
— ಓದುಗರು, ಕೋಲಾರ

ಮೊದಲು ತಪ್ಪು ಯಾರದ್ದು ಎಂದು ತಿಳಿದುಕೊಳ್ಳಿ. ಅದೇ ಬೇಳೆ ಅರ್ಧ ಕಪ್ ತೆಗೆದು ಕುಡಿಯುವ ಫಿಲ್ಟರ್ ನೀರಿನಲ್ಲಿ ಬೇಯಿಸಿ. ಕರಗಿದರೆ ದೋಷ ನೀರಿನದು, ಕರಗದಿದ್ದರೆ ಬೇಳೆ ಹಳೆಯದು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಕಣಗಳನ್ನು ಅಂಟಿಸಿ ಹಿಡಿದಿಡುವ ಪೆಕ್ಟಿನ್ನಿಗೆ ಸೇರಿಕೊಂಡು ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹುಣಸೆ, ಟೊಮೇಟೊದ ಹುಳಿಯೂ ಪೆಕ್ಟಿನ್ನನ್ನು ಕರಗಲು ಬಿಡದು. ಆದ್ದರಿಂದ ಬೇಳೆಯ ಜೊತೆಗೇ ಟೊಮೇಟೊ ಹೆಚ್ಚಿ ಹಾಕುವ ಅಭ್ಯಾಸವಿದ್ದರೆ ಇಂದೇ ಬಿಡಿ. ಬೇಳೆ ಬೆಂದು ಕಿವುಚಿದ ಮೇಲೆ ಹುಳಿ ಹಾಕಿ.

ಅಡುಗೆಯ ನೀರನ್ನು ಹಿಂದಿನ ರಾತ್ರಿ ಐದು ನಿಮಿಷ ಕುದಿಸಿ ಮುಚ್ಚಿಡಿ. ಬೆಳಿಗ್ಗೆ ತಳದಲ್ಲಿ ಬಿಳಿ ಪುಡಿ ಕೂತಿರುತ್ತದೆ. ಅಲುಗಿಸದೆ ಮೇಲಿನ ನೀರನ್ನು ಬಗ್ಗಿಸಿಕೊಳ್ಳಿ, ಗಡಸುತನ ಒಂದಷ್ಟು ಇಳಿದಿರುತ್ತದೆ. ಆದರೆ ಇದಕ್ಕೂ ಗ್ಯಾಸ್ ಬೇಕಲ್ಲ! ನಾಲ್ಕು ಜನರ ಬೇಳೆಗೆ ಬೇಕಾಗುವುದು ಮೂರು ಕಪ್ ನೀರು. ಅಷ್ಟನ್ನು ಮಾತ್ರ ಫಿಲ್ಟರಿನಿಂದ ಹಿಡಿದುಕೊಳ್ಳುವುದೇ ಅಗ್ಗ. ಬೇಳೆಯನ್ನು ಅದೇ ನೀರಿನಲ್ಲಿ 45 ನಿಮಿಷ ನೆನೆಸಿ, ಅದೇ ನೀರಿನಲ್ಲೇ ಬೇಯಿಸಿ. ಕಾಲು ಚಮಚ ಅರಿಸಿನ, ಅರ್ಧ ಚಮಚ ಎಣ್ಣೆ ಹಾಕಿದರೆ ನೊರೆ ಉಕ್ಕಿ ಕುಕ್ಕರಿನ ತೂತು ಕಟ್ಟುವುದಿಲ್ಲ. ಅಡುಗೆ ಸೋಡಾ ಕೊನೆಯ ದಾರಿ. ಒಂದು ಕಪ್ ಬೇಳೆಗೆ ಚಿಟಿಕೆಗಿಂತ ಹೆಚ್ಚು ಹಾಕಿದರೆ ಬಿ ಜೀವಸತ್ವವೂ ಹಾಳು, ರುಚಿಯೂ ಹಾಳು.

ಸೊಪ್ಪು ಬೇಯಿಸಿದ ನೀರನ್ನು ಬಸಿದು ಚೆಲ್ಲುತ್ತೇನೆ, ಪಲ್ಯ ಉದುರಾಗಬೇಕಲ್ಲ. ಚೆಲ್ಲದೆ ಏನು ಮಾಡಬಹುದು?
— ಓದುಗರು, ಕಲಬುರಗಿ

ಚೆಲ್ಲಬೇಡಿ. ಸೊಪ್ಪಿನಲ್ಲಿ ನೀರಿಗೆ ಕರಗುವ ಸತ್ವವೆಲ್ಲ ಬಸಿದ ಆ ನೀರಿನಲ್ಲೇ, ಅಂದರೆ ಕಟ್ಟಿನಲ್ಲೇ ಇದೆ. ಮಂಡ್ಯ, ಹಾಸನ, ತುಮಕೂರು ಕಡೆಯವರು ಅದರಲ್ಲಿ ಬಸ್ಸಾರು ಮಾಡುತ್ತಾರೆ. ಒಂದೇ ಪಾತ್ರೆ, ಒಂದೇ ಉರಿ, ಊಟಕ್ಕೆ ಸಾರೂ ಪಲ್ಯವೂ ಎರಡೂ ಆಯಿತು. ಮಿತವ್ಯಯದ ಅಡುಗೆ ಎಂದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ.

ನಾಲ್ಕು ಜನರಿಗೆ ಮುಕ್ಕಾಲು ಕಪ್ ತೊಗರಿಬೇಳೆ, ಒಂದು ದೊಡ್ಡ ಕಟ್ಟು ದಂಟಿನ ಸೊಪ್ಪು ಅಥವಾ ಹರಿವೆ, ಜೊತೆಗೆ ಅರ್ಧ ಕಟ್ಟು ಸಬ್ಬಸಿಗೆ. ತೆರೆದ ಪಾತ್ರೆಯಲ್ಲಿ 6 ಕಪ್ ನೀರು ಕುದಿಸಿ, ನೆನೆಸಿದ ಬೇಳೆ ಹಾಕಿ. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಆದರೆ ನುಣ್ಣಗಾಗಬಾರದು. ಕೆಡುವುದು ಹೆಚ್ಚಾಗಿ ಇಲ್ಲೇ. ಕುಕ್ಕರಿಗೆ ಹಾಕಿ ಮೂರು ಕೂಗು ಕೂಗಿಸಿದರೆ ಬೇಳೆ ಕರಗಿ ಕಟ್ಟು ಗಂಜಿಯಾಗುತ್ತದೆ, ಪಲ್ಯ ಮುದ್ದೆಯಾಗುತ್ತದೆ. ಈ ಒಂದು ಅಡುಗೆಗೆ ಗ್ಯಾಸ್ ಸ್ವಲ್ಪ ಹೆಚ್ಚಾದರೂ ತೆರೆದ ಪಾತ್ರೆಯೇ ಸರಿ. ಬೇಳೆ ಮುಕ್ಕಾಲು ಬೆಂದಾಗ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಐದಾರು ನಿಮಿಷ ಬೇಯಿಸಿ ಬಸಿಯಿರಿ. ಮೂರೂವರೆ ಕಪ್ಪಿನಷ್ಟು ಕಟ್ಟು ಸಿಗುತ್ತದೆ.

ಒಂದು ಚಮಚ ಎಣ್ಣೆಯಲ್ಲಿ ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಐದು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು ಬಾಡಿಸಿ. ಇದಕ್ಕೆ ಎರಡು ಚಮಚ ದನಿಯ ಪುಡಿ, ಎರಡು ದೊಡ್ಡ ಚಮಚ ಕಾಯಿತುರಿ, ಅಡಿಕೆ ಗಾತ್ರದ ಹುಣಸೆ, ಮರೆಯದೆ ಬಸಿದ ಬೇಳೆ ಸೊಪ್ಪಿನಲ್ಲೇ ಎರಡು ದೊಡ್ಡ ಚಮಚ ಸೇರಿಸಿ ನುಣ್ಣಗೆ ರುಬ್ಬಿ. ಸಾರಿಗೆ ಮೈ ಬರುವುದು ಇದರಿಂದ. ಇದು ಬಿಟ್ಟರೆ ಸಾರು ನೀರು ನೀರಾಗಿ ತಟ್ಟೆಯಲ್ಲಿ ಓಡುತ್ತದೆ. ಕಟ್ಟಿಗೆ ಬೆರೆಸಿ ಎಂಟು ನಿಮಿಷ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಿ. ಉಳಿದ ಬೇಳೆ ಸೊಪ್ಪಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದರೆ ಪಲ್ಯ.

ಬಸಳೆ ಹಾಕಿದರೆ ಕಟ್ಟು ಲೋಳೆಯಾಗುತ್ತದೆ. ಮೆಂತ್ಯ ಸೊಪ್ಪು ಒಂದು ಹಿಡಿ ಮೀರಿದರೆ ಕಹಿ. ಬೇಳೆಯ ಬದಲು ಹೆಸರುಕಾಳು, ಅಲಸಂದೆ, ಹುರುಳಿ ಯಾವುದಾದರೂ ಆದೀತು. ರಾಗಿ ಮುದ್ದೆಗೆ ಜೋಡಿ ಎಂದು ಹೇಳುವುದು ನಿಜ, ಆದರೆ ನಿಮ್ಮ ಕಡೆಯ ಜೋಳದ ರೊಟ್ಟಿಗೂ ಆ ಪಲ್ಯ ಚೆನ್ನಾಗಿ ಹೊಂದುತ್ತದೆ.

ನಾನ್‌ಸ್ಟಿಕ್ ತವಾ ಎರಡು ವರ್ಷಕ್ಕೊಂದು ಹಾಳಾಗುತ್ತಿದೆ. ಬೀಡು ಕಬ್ಬಿಣದ ಕಾವಲಿ ತಂದೆ, ದೋಸೆ ಏಳುತ್ತಿಲ್ಲ. ಕಾವಲಿ ಕೆಟ್ಟದ್ದೇ?
— ಓದುಗರು, ದಾವಣಗೆರೆ

ಕಾವಲಿ ಕೆಟ್ಟದ್ದಲ್ಲ, ಇನ್ನೂ ಪಳಗಿಲ್ಲ. ಹೊಸ ಬೀಡಿನ ಮೇಲೆ ತುಕ್ಕು ಹಿಡಿಯದಿರಲೆಂದು ಸವರಿದ ಜಿಡ್ಡು ಇರುತ್ತದೆ, ಮೈ ತರಿತರಿಯಾಗಿರುತ್ತದೆ. ಸೋಪು, ತೆಂಗಿನ ನಾರು ಹಾಕಿ ಕಪ್ಪು ನೀರು ಬರುವುದು ನಿಲ್ಲುವ ತನಕ ಉಜ್ಜಿ. ಆಮೇಲೆ ಅನ್ನದ ಗಂಜಿ ತುಂಬಿ ಎರಡು ರಾತ್ರಿ ಬಿಡಿ, ಗಂಜಿ ದಿನವೂ ಬದಲಾಗಲಿ. ತೊಳೆದು ಒಲೆಯ ಮೇಲಿಟ್ಟು ಒಂದು ಹನಿ ನೀರೂ ಉಳಿಯದಂತೆ ಒಣಗಿಸಿ.

ಈಗ ಮುಖ್ಯ ಕೆಲಸ. ಬೆಚ್ಚಗಿನ ಕಾವಲಿಗೆ ಅರ್ಧ ಚಮಚ ಅಡುಗೆ ಎಣ್ಣೆ ಸವರಿ, ಒಣ ಹತ್ತಿಬಟ್ಟೆಯಿಂದ ಎಣ್ಣೆ ಹಾಕಿಯೇ ಇಲ್ಲವೇನೋ ಎಂಬಷ್ಟು ಒರೆಸಿ ತೆಗೆಯಿರಿ. ಕಿಟಕಿ ತೆರೆದಿಟ್ಟು ಮಧ್ಯಮ ಉರಿಯಲ್ಲಿ ಸಣ್ಣಗೆ ಹೊಗೆ ಏಳುವ ತನಕ ಕಾಯಿಸಿ, ಆರಲು ಬಿಡಿ. ಮತ್ತೆ ಎಣ್ಣೆ, ಮತ್ತೆ ಒರೆಸು, ಮತ್ತೆ ಕಾಯಿಸು. ಐದು ಸಲ ಮಾಡಿ. ಕಾಯಿಸಿದಾಗ ತೆಳು ಎಣ್ಣೆ ಗಟ್ಟಿಯಾಗಿ ಕಬ್ಬಿಣದ ತರಿಗಳ ಮೇಲೆ ಗಾಜಿನಂಥ ಪದರವಾಗಿ ಕೂರುತ್ತದೆ. ದೋಸೆಯನ್ನು ಎಬ್ಬಿಸುವುದು ಆ ಪದರ. ಧಾರಾಳವಾಗಿ ಎಣ್ಣೆ ಸುರಿದು ಕಾಯಿಸಿದರೆ ಪದರ ಮೇಣದಂತೆ ಅಂಟಂಟಾಗುತ್ತದೆ. ಹಾಗಾಗಿದ್ದರೆ ಬಿಸಿ ನೀರು, ಸೋಪಿನಲ್ಲಿ ಉಜ್ಜಿ ಮೊದಲಿನಿಂದ ಶುರು ಮಾಡಿ.

ಮೊದಲ ನಾಲ್ಕಾರು ದೋಸೆ ದಪ್ಪಗೆ, ಸುತ್ತ ಎಣ್ಣೆ ಬಿಟ್ಟು ಹಾಕಿ. ಪೇಪರ್ ದೋಸೆಯ ಆಸೆ ಮೊದಲ ವಾರ ಬೇಡ. ಹಿಟ್ಟು ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಆಗಿರಲಿ. ನೀರು ಚಿಮುಕಿಸಿದಾಗ ಹನಿಗಳು ಕುಣಿದು ಆರಬೇಕು. ನೀರು ನಿಂತು ನಿಧಾನ ಆರಿದರೆ ಕಾವು ಸಾಲದು, ದೋಸೆ ಹಿಡಿಯುತ್ತದೆ. ಸೌಟು ತಿರುಗಿಸುವಾಗ ಹಿಟ್ಟು ಸೌಟಿಗೇ ಸುತ್ತಿಕೊಂಡು ಬಂದರೆ ಕಾವು ಹೆಚ್ಚಾಯಿತು. ಉರಿ ಇಳಿಸಿ, ನೀರು ಚಿಮುಕಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಒರೆಸಿ. ಕಾದ ಬೀಡಿನ ಮೇಲೆ ಚೊಂಬುಗಟ್ಟಲೆ ತಣ್ಣೀರು ಸುರಿದರೆ ಸೀಳಿಹೋಗಬಹುದು.

ಆ ಕಾವಲಿಯಲ್ಲಿ ಚಪಾತಿ ಬೇಡ. ಎಣ್ಣೆಯಿಲ್ಲದ ಒಣ ಕಾವಿಗೆ ಪದರ ಸುಟ್ಟು ಏಳುತ್ತದೆ, ಹಿಟ್ಟಿನ ಪುಡಿಯೂ ಕರಕಲಾಗಿ ಕೂರುತ್ತದೆ. ಹುಳಿ ಗೊಜ್ಜನ್ನೂ ಇಡಬೇಡಿ. ಕೆಲಸ ಆದ ಮೇಲೆ ಬರೀ ನೀರು, ಮೆತ್ತನೆಯ ನಾರಿನಲ್ಲಿ ತೊಳೆದು, ಒಲೆಯ ಮೇಲೆ ಒಣಗಿಸಿ, ಎಣ್ಣೆ ಸವರಿ ಇಡಿ. ತುಕ್ಕು ಬಂತೆಂದು ಗುಜರಿಗೆ ಹಾಕುವವರಿದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಕಲ್ಲುಪ್ಪು, ಎಣ್ಣೆ ಹಾಕಿ ಉಜ್ಜಿದರೆ ತುಕ್ಕು ಬಿಡುತ್ತದೆ, ಮತ್ತೆ ಪಳಗಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ.

ಇಲ್ಲಿ ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿಯುವುದೇ ಇಲ್ಲ. ಗ್ರೈಂಡರ್ ಇಲ್ಲ, ಮಿಕ್ಸಿ ಮಾತ್ರ. ಉದ್ದಿನಬೇಳೆಯೂ ದುಬಾರಿ.
— ವಿದ್ಯಾರ್ಥಿ, ಮ್ಯೂನಿಕ್

ಹಿಟ್ಟಿಗೆ 28ರಿಂದ 32 ಡಿಗ್ರಿ ಬೆಚ್ಚಗಿನ ಜಾಗ ಬೇಕು. ಓವನ್ ಕಾಯಿಸದೆ ಒಳಗಿನ ದೀಪ ಮಾತ್ರ ಹಾಕಿ, ಪಾತ್ರೆಯನ್ನು ಒಳಗಿಟ್ಟು 10ರಿಂದ 14 ಗಂಟೆ ಬಿಡಿ. ದೀಪ ಹೆಚ್ಚು ಬಿಸಿಯಾಗುವಂಥದಾದರೆ ಬಾಗಿಲ ಸಂದಿಗೆ ಒಂದು ಮರದ ಚಮಚ ಸಿಕ್ಕಿಸಿ. ಯಾರಾದರೂ ತಿಳಿಯದೆ ಓವನ್ ಹಚ್ಚದಂತೆ ಬಾಗಿಲಿಗೆ ಚೀಟಿ ಅಂಟಿಸಿ. ದೀಪವಿಲ್ಲದ ಓವನ್ ಆದರೆ ಪಕ್ಕದಲ್ಲಿ ಬಿಸಿ ನೀರಿನ ಪಾತ್ರೆ ಇಟ್ಟು, ನಾಲ್ಕು ಗಂಟೆಗೊಮ್ಮೆ ನೀರು ಬದಲಿಸಿ.

ಮಿಕ್ಸಿಯಾದರೆ ಅಕ್ಕಿ ಮೂರು ಕಪ್ಪಿಗೆ ಉದ್ದು ಒಂದು ಕಪ್. ಗ್ರೈಂಡರಿನಲ್ಲಿ ನಾಲ್ಕಕ್ಕೊಂದು ಸಾಕಾಗುತ್ತಿತ್ತು, ಮಿಕ್ಸಿಯಲ್ಲಿ ಉದ್ದು ಅಷ್ಟು ಉಬ್ಬುವುದಿಲ್ಲ. ಉದ್ದು ಉಳಿಸಬೇಕೆಂದರೆ ಮುಕ್ಕಾಲು ಕಪ್ಪಿಗೆ ಇಳಿಸಿ, ಒಂದು ಚಮಚ ಮೆಂತ್ಯ ಉದ್ದಿನ ಜೊತೆ ನೆನೆಸಿ, ಕಾಲು ಕಪ್ ಅವಲಕ್ಕಿ ಅಕ್ಕಿಯ ಜೊತೆ ರುಬ್ಬಿ. ದೋಸೆಗೆ ಏನೂ ಕೊರತೆ ಕಾಣದು, ಇಡ್ಲಿ ಮಾತ್ರ ಚೂರು ಗಟ್ಟಿ. ಮಿಕ್ಸಿ ಹಿಟ್ಟನ್ನು ಬಿಸಿ ಮಾಡುತ್ತದೆ. ತಣ್ಣೀರು ಸ್ವಲ್ಪ ಸ್ವಲ್ಪವೇ ಹಾಕಿ, ಒಂದು ನಿಮಿಷ ರುಬ್ಬಿ ಒಂದು ನಿಮಿಷ ಬಿಡಿ. ಮುಟ್ಟಿದಾಗ ಬಿಸಿ ಹತ್ತಿದರೆ ಹುಳಿ ಬರಿಸುವ ಜೀವಿಗಳಿಗೆ ಪೆಟ್ಟು ಬಿದ್ದಂತೆ. ಕೈಯಲ್ಲಿ ಎರಡು ನಿಮಿಷ ಚೆನ್ನಾಗಿ ಕಲಸಿ ಮುಚ್ಚಿಡಿ. ಅಲ್ಲಿನ ಅಂಗಡಿಗಳಲ್ಲಿ ಸಿಗುವ ಕುಸುಬಲಕ್ಕಿ ಬಗೆಯ ಪಾರ್‌ಬಾಯಿಲ್ಡ್ ಅಕ್ಕಿ ದೋಸೆಗೆ ಆಗುತ್ತದೆ, ಐದಾರು ಗಂಟೆ ನೆನೆಯಲಿ.

ಮನೆಯ ಕೆನೆಯಿಂದ ತುಪ್ಪ ಮಾಡಲು ಫುಲ್ ಕ್ರೀಮ್ ಹಾಲಿಗೆ ಬದಲಾಗಬೇಕೆಂದಿದ್ದೇನೆ. ಲಾಭವೇ? ಈಗಿನ ಹಾಲಿನಲ್ಲಿ ಕೆನೆಯೇ ಕಟ್ಟುವುದಿಲ್ಲ.
— ಓದುಗರು, ಶಿವಮೊಗ್ಗ

ಪ್ಯಾಕೆಟ್ ಓದಿ. ಟೋನ್ಡ್ ಹಾಲಿನಲ್ಲಿ ಜಿಡ್ಡು ನೂರಕ್ಕೆ 3 ಪಾಲು, ಸ್ಟ್ಯಾಂಡರ್ಡೈಸ್ಡ್ ಎಂದಿದ್ದರೆ 4.5, ಫುಲ್ ಕ್ರೀಮಿನಲ್ಲಿ 6. ಹೋಮೊಜಿನೈಸ್ಡ್ ಎಂದು ಬರೆದಿದ್ದರೆ ಜಿಡ್ಡಿನ ಹನಿಗಳನ್ನು ಒಡೆದು ಹಾಲಿನಲ್ಲೇ ಹಂಚಿರುತ್ತಾರೆ, ಎಷ್ಟು ಕಾಯಿಸಿದರೂ ದಪ್ಪ ಕೆನೆ ಬರದು.

ಟೋನ್ಡ್‌ಗಿಂತ ಫುಲ್ ಕ್ರೀಮಿನ ಒಂದು ಲೀಟರಿನಲ್ಲಿ ಹೆಚ್ಚುವರಿ ಜಿಡ್ಡು 31 ಗ್ರಾಂ. ಒಂದು ಕೆ.ಜಿ. ಜಿಡ್ಡಿಗೆ 32 ಲೀಟರ್ ಬೇಕು. ಲೀಟರಿಗೆ 10 ರೂಪಾಯಿ ವ್ಯತ್ಯಾಸ ಎಂದರೆ 320 ರೂಪಾಯಿ. ಕೇಳಲು ಚೆನ್ನಾಗಿದೆ. ಆದರೆ ಜಿಡ್ಡೆಲ್ಲ ಕೆನೆಯಾಗಿ ಮೇಲೆ ಬರುವುದಿಲ್ಲ. ಅರ್ಧ ಬಂದರೆ ಅದೇ ತುಪ್ಪಕ್ಕೆ 640 ರೂಪಾಯಿ, ಮೇಲೆ ಗ್ಯಾಸು, ಕೆಲಸ. ತುಪ್ಪಕ್ಕಾಗಿಯೇ ಹಾಲು ಬದಲಿಸುವುದು ಬೇಡ. ಮಕ್ಕಳಿಗೋ ಗಟ್ಟಿ ಮೊಸರಿಗೋ ಹೇಗೂ ಫುಲ್ ಕ್ರೀಮ್ ಕೊಳ್ಳುವವರಾದರೆ ಕೆನೆಯನ್ನು ವ್ಯರ್ಥ ಮಾಡಬೇಡಿ.

ಹಾಲು ಕಾಯಿಸಿ, ಅಲುಗಿಸದೆ ಆರಿಸಿ, ಫ್ರಿಜ್ಜಿನಲ್ಲಿ ಎಂಟು ಗಂಟೆ ಇಟ್ಟು ಕೆನೆ ತೆಗೆದು ಫ್ರೀಜರಿನಲ್ಲಿ ಕೂಡಿಡಿ. ಕೆಳಗಿನ ಅರೆಯಲ್ಲಿ ಹದಿನೈದು ದಿನ ಇಟ್ಟ ಕೆನೆಗೆ ಕಮಟು ಬರುತ್ತದೆ. ಸಾಕಷ್ಟಾದ ಮೇಲೆ ಹೊರಗಿಟ್ಟು ಕರಗಿಸಿ, ಎರಡು ಚಮಚ ಮೊಸರು ಹಾಕಿ ರಾತ್ರಿ ಹೆಪ್ಪಾಗಲಿ, ಬೆಳಿಗ್ಗೆ ತಣ್ಣೀರು ಹಾಕಿ ಕಡೆಯಿರಿ. ಬೆಣ್ಣೆಯನ್ನು ನೀರು ತಿಳಿಯಾಗುವ ತನಕ ಮೂರು ಸಲ ತೊಳೆಯಿರಿ, ಮಜ್ಜಿಗೆ ಉಳಿದರೆ ತುಪ್ಪ ಬೇಗ ಕೆಡುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸುವಾಗ ಚಟಪಟ ಸದ್ದು ನಿಂತು, ತಳದ ಗಸಿ ಹೊಂಬಣ್ಣಕ್ಕೆ ತಿರುಗಿದಾಗ ಇಳಿಸಿ ಒಂದು ವೀಳ್ಯದೆಲೆ ಹಾಕಿ. ಪಾತ್ರೆಯ ಬಿಸಿಗೆ ಬಣ್ಣ ಇನ್ನೂ ಏರುತ್ತದೆ, ಕೆಂಪಾಗುವ ತನಕ ಕಾದರೆ ಸೀದುಹೋಗುತ್ತದೆ.

ಹುರುಳಿ, ಅಲಸಂದೆಗೆ ಹುಳ. ಅಕ್ಕಿಗೆ ಬೋರಿಕ್ ಪುಡಿ ಬೆರೆಸಿ ಎನ್ನುತ್ತಾರೆ.
— ಓದುಗರು, ಚಿತ್ರದುರ್ಗ

ತಿನ್ನುವ ಅಕ್ಕಿಗೆ ಬೋರಿಕ್ ಪುಡಿ ಬೇಡವೇ ಬೇಡ. ತೊಳೆದರೂ ಪೂರ್ತಿ ಹೋಗುತ್ತದೆಂಬ ಭರವಸೆ ಇಲ್ಲ.

ಇಡೀ ಕಾಳಿಗೆ ಎಣ್ಣೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ದಿನ ಬಿಸಿಲಿಗೆ ಒಣಗಿಸಿ ಆರಿದ ಕಾಳು ಕೆ.ಜಿ.ಗೆ ಒಂದೂವರೆ ಚಮಚ ಹರಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಹಾಕಿ, ಪ್ರತಿ ಕಾಳಿಗೂ ತಾಗುವಂತೆ ಕೈಯಲ್ಲಿ ಹೊಸೆಯಿರಿ. ಹುಳ ಕಾಳಿನ ಮೇಲೆ ಇಡುವ ಮೊಟ್ಟೆಗೆ ಎಣ್ಣೆಯ ಪದರದಿಂದ ಉಸಿರು ಕಟ್ಟುತ್ತದೆ. ಈಗಾಗಲೇ ತೂತು ಬಿದ್ದ ಕಾಳಿಗೆ ಇದು ಪ್ರಯೋಜನವಿಲ್ಲ, ಹುಳ ಒಳಗಿದೆ. ಅಂಥದನ್ನು ಆರಿಸಿ ತೆಗೆದು, ಉಳಿದದ್ದನ್ನು ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟು ಆಮೇಲೆ ಎಣ್ಣೆ ಹಚ್ಚಿ.

ಅಕ್ಕಿಯನ್ನು ಉರಿ ಬಿಸಿಲಿಗೆ ಹರವಬೇಡಿ, ಬಿರುಕು ಬಿಟ್ಟು ಅನ್ನ ನುಚ್ಚಾಗುತ್ತದೆ. ನೆರಳಲ್ಲಿ ಗಾಳಿಯಾಡಿಸಿ ಜರಡಿ ಹಿಡಿಯಿರಿ. ಹಳೆ ಅಕ್ಕಿಯ ಮೇಲೆ ಹೊಸತು ಸುರಿಯುವ ಅಭ್ಯಾಸ ಬಿಡಿ, ಡಬ್ಬ ಖಾಲಿ ಮಾಡಿ ಒರೆಸಿ ಒಣಗಿಸಿ ತುಂಬಿ. ಬೇವಿನೆಲೆ ಹಾಕುವುದಾದರೆ ಗರಿಗರಿ ಒಣಗಿರಲಿ, ಹಸಿ ಎಲೆಯ ತೇವಕ್ಕೆ ಬೂಷ್ಟು ಬರುತ್ತದೆ. ರವೆಯನ್ನು ತಂದ ದಿನವೇ ಸಣ್ಣ ಉರಿಯಲ್ಲಿ ಐದಾರು ನಿಮಿಷ ಹುರಿದು, ಪೂರ್ತಿ ಆರಿಸಿ ತುಂಬಿಡಿ. ಬೂಷ್ಟು ಹಿಡಿದ ಕಡಲೆಬೀಜ ಮಾತ್ರ ಎಷ್ಟೇ ಇದ್ದರೂ ಎಸೆಯಿರಿ. ಹುರಿದರೂ ಅದರ ವಿಷ ಹೋಗುವುದಿಲ್ಲ.

ಹೀರೇಕಾಯಿ ಸಿಪ್ಪೆ ಚಟ್ನಿ ಒಮ್ಮೊಮ್ಮೆ ಕಹಿಯಾಗುತ್ತದೆ, ಯಾಕೆ?
— ಓದುಗರು, ಮೈಸೂರು

ಕಾಯಿಯೇ ಕಹಿ ಇರುತ್ತದೆ. ಹೆಚ್ಚುವ ಮುನ್ನ ತೊಟ್ಟಿನ ಕಡೆಯಿಂದ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಸಿಪ್ಪೆಯೂ ಬೇಡ, ತಿರುಳೂ ಬೇಡ, ಪೂರ್ತಿ ಎಸೆಯಿರಿ. ಹೀರೆ, ಸೋರೆ, ಸೌತೆಯ ಆ ಕಹಿ ವಾಂತಿ ಭೇದಿ ತರುತ್ತದೆ, ಬೇಯಿಸಿದರೂ ಹೋಗದು. ದುಡ್ಡು ಉಳಿಸುವ ಜಾಗ ಅದಲ್ಲ. ಕಹಿಯಿಲ್ಲದಿದ್ದರೆ ಎರಡು ಕಾಯಿಯ ಸಿಪ್ಪೆಗೆ ಒಂದು ದೊಡ್ಡ ಚಮಚ ಉದ್ದಿನಬೇಳೆ, ನಾಲ್ಕು ಮೆಣಸಿನಕಾಯಿ, ಚೂರು ಹುಣಸೆ, ಎರಡು ದೊಡ್ಡ ಚಮಚ ಕಾಯಿ. ಸಿಪ್ಪೆಯ ನೀರು ಆರುವ ತನಕ ಬಾಡಿಸಿ ರುಬ್ಬಿ.

ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನಕ್ಕೆ ಬಳಸಿದರೆ ತೊಂದರೆಯೇ?
— ಓದುಗರು, ಮಂಗಳೂರು

ಹೇಗೆ ಇಟ್ಟಿದ್ದಿರಿ ಎಂಬುದರ ಮೇಲೆ. ಅಕ್ಕಿಯಲ್ಲಿರುವ ಕೆಲವು ಸೂಕ್ಷ್ಮಾಣುಗಳ ಬೀಜಾಣು ಬೆಂದರೂ ಸಾಯವು. ಅನ್ನ ಬೆಚ್ಚಗಿದ್ದಷ್ಟು ಹೊತ್ತು ಬೆಳೆದು ವಿಷ ಮಾಡುತ್ತವೆ. ಆ ವಿಷ ಒಗ್ಗರಣೆಯ ಬಿಸಿಗೆ ಹೋಗುವುದಿಲ್ಲ. ನಿಮ್ಮ ಊರಿನ ಸೆಕೆಗೆ ಕುಕ್ಕರಿನಲ್ಲೇ ರಾತ್ರಿಯಿಡೀ ಬಿಟ್ಟ ಅನ್ನ ಬೇಡ. ಊಟವಾದೊಡನೆ ಅಗಲ ತಟ್ಟೆಗೆ ಹರವಿ ಆರಿಸಿ, ಒಂದು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿಗಿಡಿ. ಮರುದಿನ ಚಿತ್ರಾನ್ನಕ್ಕೆ ಅದು ಬಿಸಿ ಅನ್ನಕ್ಕಿಂತ ಉದುರುದುರಾಗಿರುತ್ತದೆ.

ಅಂಟುವಾಳದಲ್ಲಿ ಬಟ್ಟೆ ತೊಳೆಯಬಹುದೇ? ಗಡಸು ನೀರಿಗೆ ಸೋಪು ನೊರೆ ಬರುವುದಿಲ್ಲ.
— ಓದುಗರು, ಗದಗ

ರೇಷ್ಮೆ, ಬಣ್ಣದ ಹತ್ತಿ ಸೀರೆಗೆ ಒಳ್ಳೆಯದು. ಗಡಸು ನೀರಿನಲ್ಲಿ ಬಾರ್ ಸೋಪು ಬಿಳಿ ಕೆಸರಾಗಿ ಬಟ್ಟೆಗೆ ಅಂಟುತ್ತದೆ, ಅಂಟುವಾಳ ಹಾಗೆ ಅಂಟುವುದಿಲ್ಲ. ಬೀಜ ತೆಗೆದ ಹತ್ತು ಕಾಯಿಯ ಸಿಪ್ಪೆಯನ್ನು ಒಂದು ಲೀಟರ್ ಬಿಸಿ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಬಟ್ಟೆಯಲ್ಲಿ ಸೋಸಿ. ಅರ್ಧ ಬಕೆಟ್ ನೀರಿಗೆ ಬೆರೆಸಿ ಹತ್ತು ನಿಮಿಷ ಅದ್ದಿಟ್ಟರೆ ಒಂದು ಸೀರೆಗೆ ಸಾಕು. ಬಿಳಿ ಬಟ್ಟೆಗೆ ಕಂದು ಛಾಯೆ ಬರಬಹುದು, ಎಣ್ಣೆ ಕಲೆಗೂ ಇದರ ಬಲ ಸಾಲದು. ಸೋಸಿದ ನೀರು ಎರಡು ದಿನಕ್ಕೆ ಹುಳಿತು ನಾರುತ್ತದೆ, ಆಗಾಗ ಬೇಕಾದಷ್ಟೇ ಮಾಡಿಕೊಳ್ಳಿ. ಕಣ್ಣಿಗೆ ಸಿಡಿದರೆ ಬಹಳ ಉರಿ, ಮಕ್ಕಳನ್ನು ದೂರವಿಡಿ.